ಬಿಳಿ ಬಣ್ಣದ ತಕರಾರು

ಕಿಟಕಿಗಳಿಗೆ ಒಂಬತ್ತು ಕಂಬಳಿ ಹೊದಿಸಿದ ಮೇಲೂ ಹಗಲು ಒಳಗೆ ಬರುತ್ತಲೇ ಇತ್ತು. ಹತ್ತನೆಯದನ್ನು ಡಾಕ್ಟರರ ತಾಯಿ ಎದ್ದು, ತಾವು ಕೂತಿದ್ದ ಕಂಬಳಿಯನ್ನೇ ತೆಗೆದುಕೊಟ್ಟರು. ಅದನ್ನು ಬಾಗಿಲಿನ ಸಂದಿಗೆ ತುರುಕಿದಾಗ ಖಾನಾಪುರದಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಕತ್ತಲಾಯಿತು. ಬೇಸಿಗೆ. ಕೋಣೆಯ ತುಂಬ ಉಣ್ಣೆಯ ವಾಸನೆ. ಆ ಕತ್ತಲಲ್ಲಿ ಪ್ರೊಜೆಕ್ಟರಿನ ಗುಂಡಿ ಒತ್ತಿ, ಸುಣ್ಣ ಬಳಿದ ಗೋಡೆಯ ಮೇಲೆ ಬೆಳಕು ಬೀಳುವುದನ್ನೇ ಕಾಯುತ್ತ ಡಾಕ್ಟರರು, ಅವರ ತಾಯಿ, ಹೆಂಡತಿ, ನಾನು, ನಾಲ್ವರೂ ಬೆವರಿದೆವು.

ಡಾಕ್ಟರರೆಂದರೆ ಖಾನಾಪುರದ ದನದ ಡಾಕ್ಟರರು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಕುರಿಗಳಿಗೇ ಸೂಜಿ ಹಾಕುವ ಸರ್ಕಾರಿ ನೌಕರಿ ಹಿಡಿದವರು. ಬೆಳಗಾವಿ ಕ್ಯಾಂಪಿನ ಒಬ್ಬ ಮೇಜರ್ ಸಾಹೇಬರ ನಾಯಿಯನ್ನು ಉಳಿಸಿಕೊಟ್ಟು ಅವರ ವಿಶ್ವಾಸ ಗಳಿಸಿದ್ದರು. ಕ್ಯಾಂಪಿನಿಂದ ವರ್ಗಾವಣೆಯಾದವರು ಸಾಮಾನು ಮಾರಿ ಹೋಗುವುದು ಮೊದಲಿನಿಂದ ಬಂದ ಪದ್ಧತಿ. ಬೆಳಗಾವಿಯ ಎಷ್ಟೋ ಮರ್ಯಾದಸ್ಥರ ಸೋಫಾಗಳು ಹೀಗೆ ಸೈನ್ಯದಿಂದ ನಿವೃತ್ತಿ ಪಡೆದಂಥವು. ಮೇಜರರು ಹಿಂದೆ ಒಂದು ವರ್ಷ ಪರದೇಶದಲ್ಲಿದ್ದು ಬಂದವರು, ಹಾಗಾಗಿ ಅವರ ಸಾಮಾನಿನಲ್ಲಿ ಪ್ರೊಜೆಕ್ಟರೂ ಡಿವಿಡಿ ಪ್ಲೇಯರೂ ಇದ್ದವು. ಕರಾರು ಸರಳವಾಗಿತ್ತು. ಭಾನುವಾರ ಸಂಜೆ ಐದಕ್ಕೆ ಅವರ ಲಾರಿ ಹೊರಡುತ್ತದೆ. ಅಷ್ಟರೊಳಗೆ ನೋಡಿ, ಯಂತ್ರ ಸರಿಯಿದ್ದರೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ವಾಪಸು ತಂದುಕೊಡಬೇಕು. ಲಾರಿ ಹೋದ ಮೇಲೆ ಮಾತಿಲ್ಲ.

ಸರಿಯಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರವನ್ನು ಡಾಕ್ಟರರು ನನಗೆ ವಹಿಸಿದ್ದರು. ಬೆಳಗಾವಿಯ ಹಿಂದವಾಡಿಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ನನಗಿದ್ದ ಹೆಸರು ಕೈಯದಲ್ಲ, ಕಣ್ಣಿನದು. ಮೀಟರಿಲ್ಲದೆ, ಬರೀ ಪರದೆ ನೋಡಿ ಬಣ್ಣ ಕೂಡಿಸುವವನು ಎಂದು ಖ್ಯಾತಿ. ನಮ್ಮ ಕಡೆ ಹೊಸ ಟಿವಿ ತಂದವರು ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆ ನನಗೆ ಹೇಳಿ ಕಳಿಸುತ್ತಿದ್ದರು: "ಒಂದಿಷ್ಟು ನಿಮ್ಮ ಕಣ್ಣ ಹಾಯಿಸಿ ಹೋಗ್ರಿ." ನಾನು ಹೋಗಿ, ಕೈ ಕಟ್ಟಿ ನಿಂತು, ಎರಡು ನಿಮಿಷ ಏನೂ ಮಾತಾಡದೆ ನೋಡಿ, ಹಿಂದಿನ ಮೂರು ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುವಿ, ಚಹಾ ಕುಡಿದು ಬರುತ್ತಿದ್ದೆ. ಆ ಎರಡು ನಿಮಿಷದ ಮೌನದಲ್ಲಿ ವಿದ್ಯೆ ಎಷ್ಟಿತ್ತು, ನಾಟಕ ಎಷ್ಟಿತ್ತು ಎಂಬುದನ್ನು ಈಗ ಬಿಡಿಸಿ ಹೇಳುವುದು ಕಷ್ಟ.

"ನಿಮ್ಮ ಕಣ್ಣು ಹೂಂ ಅಂದ್ರ ಇಟ್ಕೋತೀನ್ರಿ," ಎಂದರು ಡಾಕ್ಟರರು. "ಅವ್ವಗ ಸಣ್ಣ ಟಿವಿ ಕಾಣಂಗಿಲ್ಲ. ಹೋದ ತಿಂಗಳ ಬಲಗಣ್ಣ ಪೊರಿ ತಗಸೇವಿ, ಎಡಗಣ್ಣಿಂದು ಬಾಕಿ ಐತಿ. ಗ್ವಾಡಿ ತುಂಬ ಚಿತ್ರ ಬಿದ್ರ ಆಕೀಗೆ ಕಾಣತೈತಿ ಅಂತ ನನ್ನ ವಿಚಾರ."

ಅವ್ವನಿಗೆ ಎಪ್ಪತ್ತು ದಾಟಿತ್ತು. ಹಸಿರು ಕನ್ನಡಕ ಹಾಕಿಕೊಂಡು ನೆಲದ ಮೇಲೆ ನೆಟ್ಟಗೆ ಕೂತಿದ್ದರು. ಕೋಣೆ ಕತ್ತಲಾದ ಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಅದು ಬುಧವಾರ. ಗೋಡೆಯ ಮೇಲೆ ಚಿತ್ರ ಬಿತ್ತು. ಆರು ಅಡಿ ಅಗಲ. ಡಾಕ್ಟರರ ಹೆಂಡತಿ ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಹಿಡಿದಲ್ಲೇ ಹಿಡಿದು ನಿಂತರು.

"ಯಾಕಪಾ, ಎಲ್ಲಾರೂ ಉಪಾಸ ಇದ್ದಂಗ ಕಾಣ್ತಾರ?" ಎಂದರು ಅವ್ವ. "ಕುರಿ ಹಿಂಗ ಕಂಡ್ರ ಸಂತ್ಯಾಗ ಯಾರೂ ಮುಟ್ಟಂಗಿಲ್ಲ."

ಅವರ ಮಾತು ನೂರಕ್ಕೆ ನೂರು ಸರಿ. ಪ್ಲೇಯರು ಅಗಲ ಪರದೆಗೆಂದು ಚಿತ್ರ ಕಳಿಸುತ್ತಿತ್ತು, ಪ್ರೊಜೆಕ್ಟರು ಅದನ್ನು ಹಳೆಯ ಚೌಕ ಟಿವಿಯದೆಂದು ತಿಳಿದು ಎರಡು ಬದಿಯಿಂದ ಒತ್ತಿ ತೋರಿಸುತ್ತಿತ್ತು. ಎರಡಕ್ಕೂ ಅಗಲ ಹದಿನಾರು, ಎತ್ತರ ಒಂಬತ್ತು ಎಂದು ಹೇಳಿ ರಾಜಿ ಮಾಡಿಸಿದೆ. ಜನರಿಗೆ ಮೈ ಬಂತು. ಆದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿದವು.

"ಇಷ್ಟ ಸುಣ್ಣ ಬಳದದ್ದು ಕರೀ ಪಟ್ಟಿ ನೋಡಾಕೇನ್ರಿ?" ಎಂದರು ಡಾಕ್ಟರರು.

"ಸಿನೆಮಾನ ಅಷ್ಟ ಅಗಲ ಐತ್ರಿ. ಪಟ್ಟಿ ತಗದ್ರ ಬಾಜೂಕ ನಿಂತ ಮನಷ್ಯಾನ ಅರ್ಧ ಕೊಯ್ದಂಗ."

"ಹಂಗಾರ ಇರ್ಲಿ ಬಿಡ್ರಿ. ಕೊಯ್ಯೂದು ನನ್ನ ಕೆಲಸ, ನಿಮ್ಮದಲ್ಲ."

ಎಲ್ಲರೂ ನಕ್ಕರು. ಚಿತ್ರ ಛಲೋ ಐತಿ, ಭಾಳ ಛಲೋ ಐತಿ ಎಂದರು. ನಾನೊಬ್ಬ ಕೈ ಕಟ್ಟಿ ನಿಂತಿದ್ದೆ. ಎರಡು ನಿಮಿಷದ ಮೌನ ಐದು ನಿಮಿಷವಾಯಿತು. ಚಿತ್ರದ ಮೇಲೆ ಒಂದು ಮಂಜಿತ್ತು. ಹಾಲಿನ ತಪೇಲಿಯ ಮೇಲಿನ ತೆಳು ಕೆನೆಯಂತೆ, ಇದೆಯೋ ಇಲ್ಲವೋ ಎನ್ನುವಷ್ಟು. ಬೆಳಕಿದ್ದ ಕಡೆ ಸುತ್ತ ಹರಡಿಕೊಳ್ಳುತ್ತಿತ್ತು. ಬಿಳಿ ಅಂಗಿಗಳು ಹಳೇ ಅಂಗಿಗಳಾಗಿ ಕಾಣುತ್ತಿದ್ದವು.

"ಮಸುಕ ಐತ್ರಿ," ಎಂದೆ.

"ಎಲ್ಲೆ?" ಎಂದರು ಮೂವರೂ.

ಜನಸಾಮಾನ್ಯರಿಗೆ ಕಾಣುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ತಪ್ಪಿತಸ್ಥನನ್ನು ಹಿಡಿಯಲು ತಡವಾಗಲಿಲ್ಲ: ಹಳದಿ ತಂತಿ. ಪ್ಲೇಯರಿನಿಂದ ಪ್ರೊಜೆಕ್ಟರಿಗೆ ಹೋದ ಆ ಒಂಟಿ ತಂತಿಯಲ್ಲಿ ಬೆಳಕೂ ಬಣ್ಣವೂ ಒಟ್ಟಿಗೆ ಹೋಗುತ್ತವೆ, ಒಂದೇ ಡಬ್ಬಿಯಲ್ಲಿ ಅನ್ನ, ಸಾರು, ಹೋಳಿಗೆ ಕಟ್ಟಿಕೊಟ್ಟ ಹಾಗೆ. ಆ ಕಡೆ ಬಿಚ್ಚಿದಾಗ ಯಾವುದಕ್ಕೂ ಅದರದರ ರುಚಿ ಇರುವುದಿಲ್ಲ. ನಾನು ತಂತಿಯನ್ನು ಕಿತ್ತು ಡಾಕ್ಟರರ ಹೆಂಡತಿಯ ಕೈಗೆ ಕೊಟ್ಟು, ನ್ಯಾಯಾಧೀಶನ ಗಾಂಭೀರ್ಯದಿಂದ ಹೇಳಿದೆ: "ಇದನ್ನ ಹಿತ್ತಲದಾಗ ಬಳ್ಳಿ ಕಟ್ಟಾಕ ಇಟ್ಕೋರಿ ವೈನಿ. ಬ್ಯಾರೇ ಉಪಯೋಗ ಇಲ್ಲ."

ಬಿಸಿಲು ಇಳಿಯುವ ಮೊದಲೇ ಸ್ಕೂಟರ್ ಹತ್ತಿದೆ. ಇತ್ತೀಚೆಗೆ ಸಂಜೆಯ ಹೊತ್ತು ಗಾಡಿ ಹೊಡೆಯುವುದನ್ನು ಬಿಟ್ಟಿದ್ದೆ. ಎದುರಿನ ಲಾರಿಗಳ ದೀಪಗಳು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿದ್ದವು. ಲಾರಿಯವರು ಕಾನೂನು ಮೀರಿ ಬಲವಾದ ಬಲ್ಬು ಹಾಕುತ್ತಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಈ ಕುರಿತು ಪತ್ರಿಕೆಗೆ ವಾಚಕರ ಪತ್ರ ಬರೆಯುವ ವಿಚಾರವೂ ಇತ್ತು.

ಗುರುವಾರ ಇಡೀ ದಿನ ತಂತಿಯ ಬೆನ್ನು ಹತ್ತಿದೆ. ಕೆಂಪು, ಹಸಿರು, ನೀಲಿ ತುದಿಗಳ ಮೂರೆಳೆಯ ತಂತಿ ಬೇಕಿತ್ತು, ಬೆಳಕಿಗೊಂದು, ಬಣ್ಣಗಳಿಗೆರಡು. ಖಡೇಬಜಾರದಲ್ಲಿ ಸಿಕ್ಕದ್ದು ಮೂರು ಅಡಿಯದು, ನನಗೆ ಬೇಕಾದದ್ದು ಹದಿನೈದು ಅಡಿ. ಒಳ್ಳೆಯ ಕೇಬಲ್ ತಂದು ಅಂಗಡಿಯಲ್ಲೇ ಬೆಸುಗೆ ಹಾಕಲು ಕೂತೆ. ಆರು ತುದಿ. ತವರದ ಹನಿ ಎರಡು ಸಲ ಪಕ್ಕಕ್ಕೆ ಬಿತ್ತು. ಮೂರನೆಯ ಸಲ ಬೆರಳ ಮೇಲೆ. ಈಗಿನ ತವರದಲ್ಲಿ ಕಲಬೆರಕೆ ಹೆಚ್ಚು ಎಂದುಕೊಂಡು ಬೆರಳನ್ನು ಬಾಯಿಗಿಟ್ಟುಕೊಂಡೆ.

ಮನೆಗೆ ಹೋದಾಗ ಹೆಂಡತಿ ಟಿವಿ ನೋಡುತ್ತಿದ್ದಳು.

"ಊರ ಟಿವಿ ಎಲ್ಲಾ ರಿಪೇರಿ ಮಾಡ್ತೀರಿ. ನಮ್ಮ ಟಿವಿ ಒಳಗಿನ ಮಂದಿ ಥಂಡಿ ಹತ್ತಿದಂಗ ಕಾಣ್ತಾರ, ತುಟಿ ಸೈತ ನೀಲಿ," ಎಂದಳು.

"ಬಿಳಿ ಅಂದ್ರ ಹಂಗ ಇರೂದು."

"ನಿಮ್ಮ ಧೋತರ ಹಂಗಿಲ್ಲಲ್ಲ."

ಧೋತರಕ್ಕೆ ಅವಳು ಹಾಕುವ ನೀಲಿ ಸಾಲದು, ಅದಕ್ಕೇ ಅದು ಹಳದಿಯಾಗಿದೆ ಎಂದೆ. ಅಂದಿನ ಊಟ ನಾನೇ ಬಡಿಸಿಕೊಂಡೆ.

ಶುಕ್ರವಾರ ಮತ್ತೆ ಖಾನಾಪುರ, ಮತ್ತೆ ಹತ್ತು ಕಂಬಳಿ. ಮೂರೆಳೆ ತಂತಿ ಸಿಕ್ಕಿಸಿ, ಪ್ಲೇಯರಿನ ಸೆಟ್ಟಿಂಗಿನ ಪಟ್ಟಿಯಲ್ಲಿ ಅದನ್ನೇ ಆರಿಸಿದೆ. ಬಣ್ಣದ ಅಂಚುಗಳು ಗಟ್ಟಿಯಾದವು. ಮಂಜು ಮಾತ್ರ ಇದ್ದಲ್ಲೇ ಇತ್ತು. ಈಗ ಅದಕ್ಕೊಂದು ಬಣ್ಣವೂ ಕಾಣತೊಡಗಿತು: ತೆಳು ಹಳದಿ. ಪ್ರೊಜೆಕ್ಟರಿನಲ್ಲಿ ಬಿಳಿಯ ಹದ ಎಂದೊಂದು ಸೆಟ್ಟಿಂಗ್ ಇರುತ್ತದೆ. ಕೆಳಗಿಳಿಸಿದರೆ ಬಿಳಿ ಬೆಚ್ಚಗಾಗಿ ಕೆಂಪಿನ ಕಡೆ ವಾಲುತ್ತದೆ, ಏರಿಸಿದರೆ ತಣ್ಣಗಾಗಿ ನೀಲಿಯ ಕಡೆ. ನಾನು ಏರಿಸಿದೆ. ಇನ್ನೊಂದು ಮೆಟ್ಟಿಲು ಏರಿಸಿದೆ. ಕೊನೆಯ ಮೆಟ್ಟಿಲಲ್ಲಿ ನನ್ನ ಮನಸ್ಸಿಗೆ ಸಮಾಧಾನವಾಗುವ ಬಿಳಿ ಬಂತು.

"ಎಲ್ಲಾರೂ ನೀಲಿ ಆಗ್ಯಾರಲ್ರಿ," ಎಂದರು ಡಾಕ್ಟರರ ಹೆಂಡತಿ. "ಖರೇ ಹೇಳ್ರಿ, ನಿಮಗ ಹಂಗ ಕಾಣಂಗಿಲ್ಲೇನು?"

"ಕಣ್ಣು ರೂಢಿ ಆಗಬೇಕ್ರಿ ವೈನಿ. ಎರಡ ದಿನ ನೋಡ್ರಿ, ಸರಿ ಆಗತೈತಿ."

ಅವ್ವ ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದು ಗೋಡೆಯನ್ನು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು ಸುಮ್ಮನಾದರು.

ಹಳದಿ ಹೋಯಿತು, ಮಸುಕು ಉಳಿಯಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೋಡೆಯ ಹತ್ತಿರ ಹೋದೆ, ಹಿಂದೆ ಬಂದೆ, ಲೆನ್ಸು ತಿರುವಿದೆ, ಅಂಚುಗಳನ್ನು ಚೂಪು ಮಾಡುವ ಚುರುಕು ಎಂಬ ಸೆಟ್ಟಿಂಗ್ ಏರಿಸಿದೆ. ಮುಖಗಳ ಸುತ್ತ ಬಿಳಿ ಗೆರೆ ಎದ್ದವು. ಆಗ ನನ್ನ ತಲೆಗೆ ಕೊನೆಯ ಅಸ್ತ್ರ ಹೊಳೆಯಿತು. ಆಗಿನ ಪ್ಲೇಯರುಗಳು ಸಾಧಾರಣವಾಗಿ ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಕಂತಿನಲ್ಲಿ ಕಳಿಸುತ್ತಿದ್ದವು. ಮೇಜರರ ಪ್ಲೇಯರಿನಲ್ಲಿ ಎಲ್ಲ ಗೆರೆಗಳನ್ನೂ ಒಟ್ಟಿಗೆ ಕಳಿಸುವ ಪ್ರೊಗ್ರೆಸಿವ್ ಎಂಬ ಅನುಕೂಲವೂ ಇತ್ತು. ಅದನ್ನು ಹಾಕಿದರೆ ಚಿತ್ರ ತೊಳೆದಿಟ್ಟಂತೆ ಬರುತ್ತದೆ ಎಂದು ಓದಿದ್ದೆ. ಯಂತ್ರದ ಜೊತೆ ಬಂದಿದ್ದ ಪರದೇಶದ ಡಿಸ್ಕು ಹಾಕಿ ಆ ಸೆಟ್ಟಿಂಗ್ ಒತ್ತಿದೆ. ಚಿತ್ರ ಬಂತು, ಗಟ್ಟಿಯಾಗಿಯೇ ಬಂತು. ಆ ಉತ್ಸಾಹದಲ್ಲಿ ಅದನ್ನು ತೆಗೆದು ಅವ್ವನಿಗಾಗಿ ತಂದಿದ್ದ ನಮ್ಮ ದೇಶದ ಡಿಸ್ಕು ಹಾಕಿದೆ.

ಗೋಡೆ ನೀಲಿಯಾಯಿತು. ನಡುವೆ ಒಂದು ಸಾಲು: ಸಿಗ್ನಲ್ ಇಲ್ಲ.

ನಮ್ಮ ದೇಶದ ಚಿತ್ರಕ್ಕೂ ಆ ದೇಶದ ಚಿತ್ರಕ್ಕೂ ಗೆರೆಗಳ ಲೆಕ್ಕ ಬೇರೆ. ಅವರ ಲೆಕ್ಕದ ಪ್ರೊಗ್ರೆಸಿವ್ ಈ ಪ್ರೊಜೆಕ್ಟರಿಗೆ ಗೊತ್ತಿತ್ತು, ನಮ್ಮದು ಗೊತ್ತಿರಲಿಲ್ಲ. ಡಿಸ್ಕು ತೆಗೆದು ಪರದೇಶದ್ದನ್ನು ಮತ್ತೆ ಹಾಕಿದೆ, ಪ್ಲೇಯರು ನಮ್ಮ ಲೆಕ್ಕವನ್ನೇ ಹಿಡಿದು ಕೂತಿತ್ತು. ಹಿಂದಿನ ಸೆಟ್ಟಿಂಗಿಗೆ ಹೋಗಲು ರಿಮೋಟಿನ ಗುಂಡಿ ಒತ್ತಿದೆ. ಗೋಡೆ ನೀಲಿಯಾಗಿಯೇ ಇತ್ತು. ಸೆಟ್ಟಿಂಗಿನ ಪಟ್ಟಿಯೂ ಅದೇ ತಂತಿಯಲ್ಲಿ, ಅದೇ ಲೆಕ್ಕದಲ್ಲಿ ಬರಬೇಕಲ್ಲ. ಕೀಲಿಕೈಯನ್ನು ಮನೆಯೊಳಗಿಟ್ಟು ಬಾಗಿಲು ಎಳೆದುಕೊಂಡು ಬೀದಿಯಲ್ಲಿ ನಿಂತವನ ಸ್ಥಿತಿ ನನ್ನದಾಯಿತು.

"ಕೆಟ್ಟತೇನ್ರಿ?" ಎಂದರು ಡಾಕ್ಟರರು, ಕುರಿಯ ಒಡೆಯನನ್ನು ಕೇಳುವ ಸ್ವರದಲ್ಲಿ.

"ಕೆಟ್ಟಿಲ್ಲ. ಮಾತ ಬಿಟ್ಟೈತಿ."

ಮಾತಾಡಿಸುವ ದಾರಿ ಒಂದೇ ಇತ್ತು. ಹಳದಿ ತಂತಿಯಲ್ಲಿ ಪ್ಲೇಯರು ಯಾವಾಗಲೂ ಹಳೆಯ ಪದ್ಧತಿಯಲ್ಲೇ ಚಿತ್ರ ಕಳಿಸುತ್ತದೆ. ಅದನ್ನು ಸಿಕ್ಕಿಸಿದರೆ ಪಟ್ಟಿ ಕಾಣುತ್ತದೆ, ತಪ್ಪು ತಿದ್ದಬಹುದು. ಯಾರ ಮುಖವನ್ನೂ ನೋಡದೆ, ಆ ಹಳದಿ ತಂತಿ ಎಲ್ಲಿದೆ ಎಂದು ಕೇಳಿದೆ.

"ನೀವ ಹೇಳಿದಂಗ ಮಾಡೇನಿ," ಎಂದರು ಡಾಕ್ಟರರ ಹೆಂಡತಿ. "ಬರ್ರಿ, ತೋರಸ್ತೀನಿ."

ಹಿತ್ತಲಲ್ಲಿ ಹೀರೆಯ ಬಳ್ಳಿಯನ್ನು ಬಿದಿರಿನ ಗಳುವಿಗೆ ಆ ತಂತಿಯಿಂದ ಬಲವಾಗಿ ಮೂರು ಸುತ್ತು ಕಟ್ಟಿದ್ದರು. ನಾನು ಗಂಟು ಬಿಚ್ಚುವಾಗ ಅವರು ಬಳ್ಳಿಯನ್ನು ಹಿಡಿದುಕೊಂಡು, ನಗದೆ ಇರುವುದಕ್ಕೆ ಬಹಳ ಕಷ್ಟಪಟ್ಟರು. ತುದಿಯ ಮಣ್ಣು ಒರೆಸಿ ಸಿಕ್ಕಿಸಿದಾಗ ಪಟ್ಟಿ ಬಂತು. ಪ್ರೊಗ್ರೆಸಿವ್ ತೆಗೆದೆ. ನಮ್ಮ ಡಿಸ್ಕಿಗೆ ಎರಡು ಕಂತೇ ಗತಿ ಎಂದು ತೀರ್ಮಾನವಾಯಿತು. ಮತ್ತೆ ಮೂರೆಳೆಗೆ ಬಂದಾಗ ಮಂಜೂ ಜೊತೆಗೇ ಬಂತು.

ಶನಿವಾರ ನಾನು ಅಂಗಡಿ ತೆರೆಯಲೇ ಇಲ್ಲ. ಊರಿನ ಖಾಸಬಾಗದಿಂದ ಒಬ್ಬರು ಟಿವಿಗೆ ಕಣ್ಣು ಹಾಯಿಸಲು ಕರೆದಿದ್ದರು, ಆಮೇಲೆ ಬರುತ್ತೇನೆಂದು ಹೇಳಿಕಳಿಸಿ ಖಾನಾಪುರಕ್ಕೆ ಹೋದೆ. ಅಂದು ಕಪ್ಪಿನ ಸರದಿ. ಪ್ಲೇಯರಿನಲ್ಲಿ ಕಪ್ಪಿನ ಮಟ್ಟ ಎಂಬ ಸೆಟ್ಟಿಂಗು: ಗಾಢ, ತಿಳಿ. ಗಾಢ ಮಾಡಿದರೆ ಮಂಜು ಕಡಿಮೆಯಾದಂತೆ ಕಂಡಿತು, ಆದರೆ ಚಿತ್ರದಲ್ಲಿ ಕಪ್ಪು ಕೋಟು ಹಾಕಿದ ವಕೀಲರೊಬ್ಬರು ಮುಖ ಮತ್ತು ಎರಡು ಕೈ ಮಾತ್ರ ಉಳಿಸಿಕೊಂಡು ಮಾಯವಾದರು. ತಿಳಿ ಮಾಡಿದರೆ ವಕೀಲರು ಬಂದರು, ಮಂಜನ್ನೂ ಕರೆತಂದರು. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಆ ವಕೀಲರನ್ನು ಒಳಗೆ ಹೊರಗೆ ಮಾಡಿದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಕಂಬಳಿ ಸರಿಸಿ, ಪ್ರೊಜೆಕ್ಟರಿನ ಲೆನ್ಸನ್ನು ಹೊಸ ಮೆತ್ತನೆ ಬಟ್ಟೆಯಿಂದ ಒರೆಸಿದೆ. ಒರೆಸಿದ ಮೇಲೂ ಅದರೊಳಗೆ ಹೊಗೆಯಂತೆ ಏನೋ ಕಂಡಿತು.

ಸಿಕ್ಕಿತು ಎಂದುಕೊಂಡೆ. ಲೆನ್ಸಿನೊಳಗೆ ಬೂಸರು ಹಿಡಿದಿದೆ. ತೇವದ ದೇಶದಲ್ಲಿಟ್ಟಿದ್ದರಂತೆ, ಹಡಗಿನಲ್ಲಿ ಬಂದಿದೆಯಂತೆ. ಮೇಜರ್ ಸಾಹೇಬರು ಕೆಟ್ಟ ಮಾಲನ್ನು ಡಾಕ್ಟರರ ತಲೆಗೆ ಕಟ್ಟುತ್ತಿದ್ದಾರೆ. ನಾಯಿಯನ್ನು ಉಳಿಸಿದವರಿಗೆ ಇದೇನು ಮರ್ಯಾದೆ? ಊರಿಗೆ ಮರಳುವಾಗ ಸ್ಕೂಟರಿನ ಮೇಲೆ ಇಡೀ ದಾರಿ ಆ ಮನುಷ್ಯನ ಮೇಲೆ ಖಟ್ಲೆ ನಡೆಸಿದೆ. ತೀರ್ಪನ್ನೂ ಬರೆದು ಮುಗಿಸಿದೆ.

ಭಾನುವಾರ ಮಧ್ಯಾಹ್ನ ಎರಡಕ್ಕೆ ತೀರ್ಪು ಓದಿದೆ.

"ವಾಪಸ್ ಕೊಡ್ರಿ ಡಾಕ್ಟರ್. ಒಳಗ ಬೂಸರ ಐತಿ. ಇದು ಸುಧಾರಿಸೂದಲ್ಲ."

ಡಾಕ್ಟರರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ನನಗೇನೂ ಕಾಣವಲ್ದು. ಖರೇ ಹೇಳಬೇಕಂದ್ರ ನನಗ ಛಲೋನ ಕಾಣತೈತಿ. ಆದರ ನೀವು ಹೇಳಿದ ಮ್ಯಾಲ..." ಎಂದು ನಿಟ್ಟುಸಿರು ಬಿಟ್ಟು ಫೋನಿನ ಕಡೆ ನಡೆದರು. ಅವರ ಹೆಂಡತಿ ಒಂದು ಕಂಬಳಿಯ ತುದಿ ಬಿಚ್ಚತೊಡಗಿದರು.

"ನಿಂದ್ರ ಸ್ವಲ್ಪ," ಎಂದರು ಅವ್ವ. "ಅದನ್ನ ಬಿಚ್ಚಬ್ಯಾಡ. ತಮ್ಮಾ, ಇಲ್ಲೆ ಬಾ. ನನ್ನ ಬಾಜೂಕ ಕುಂದರು."

ಕೂತೆ.

ಅವ್ವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ಗೋಡೆಯನ್ನು ನೋಡಿದರು. "ಈ ಕಣ್ಣಾಗ ನೀ ಹೇಳೂದು ಖರೇ ಐತಿ. ಮಂಜ ಐತಿ. ದೀಪದ ಸುತ್ತ ಹಬ್ಬೈತಿ." ಆಮೇಲೆ ಕೈ ಬದಲಿಸಿ, ಎಡಗಣ್ಣು ಮುಚ್ಚಿಕೊಂಡರು. "ಈ ಕಣ್ಣಾಗ ಇವರು ಹೇಳೂದು ಖರೇ. ಮಂಜ ಇಲ್ಲ. ನೀಲಿ ಐತಿ, ಅಷ್ಟ." ಮತ್ತೊಮ್ಮೆ ಹಾಗೇ ಮಾಡಿ ನೋಡಿದರು, ಸಂತೆಯಲ್ಲಿ ಕುರಿಯ ಹಲ್ಲನ್ನು ಎರಡು ಸಲ ನೋಡುವವರ ಹಾಗೆ. "ಶುಕ್ರವಾರನ ಅಂದಕೊಂಡಿದ್ದೆ. ಇಷ್ಟ ದೊಡ್ಡ ಕಾರೀಗರ ಅದಾನ, ನಾ ಏನ ಹೇಳಲಿ ಅಂತ ಸುಮ್ಮನಾದೆ. ತಮ್ಮಾ, ನಿನ್ನ ಕಣ್ಣ ಯಾರಿಗೆರ ತೋರಿಸೀಯೇನು?"

ಸೆಕೆಯಿಂದ ಕಣ್ಣು ದಣಿದಿರಬಹುದು ಎಂದೆ. ಸ್ಕೂಟರಿನ ಧೂಳು ಎಂದೆ. ಹೇಳುತ್ತಿದ್ದಾಗಲೇ ಲಾರಿಗಳ ದೀಪಗಳು, ತವರದ ಹನಿ, ನನ್ನ ಧೋತರ, ಹೆಂಡತಿ ಕಂಡ ನೀಲಿ ತುಟಿಗಳು, ಎಲ್ಲವೂ ಸಾಕ್ಷಿ ಹೇಳಲು ಸಾಲಾಗಿ ಬಂದು ನಿಂತವು.

ಡಾಕ್ಟರರು ಫೋನು ಕೆಳಗಿಟ್ಟು, ಒಂದು ಕಂಬಳಿ ಸರಿಸಿ ನನ್ನನ್ನು ಕಿಟಕಿಯ ಹತ್ತಿರ ನಿಲ್ಲಿಸಿದರು. ಚೀಲದಿಂದ ಬ್ಯಾಟರಿ ತೆಗೆದರು. ದನಗಳ ಕಣ್ಣು ನೋಡುವ ಬ್ಯಾಟರಿ. ಎಡಗೈಯಿಂದ ನನ್ನ ಗದ್ದ ಹಿಡಿದು ಮೇಲೆತ್ತಿದ ರೀತಿಯಲ್ಲಿ ಇಪ್ಪತ್ತು ವರ್ಷದ ಅಭ್ಯಾಸವಿತ್ತು, ಮೂಗುದಾರವೊಂದೇ ಕಡಿಮೆ.

"ಎರಡೂ ಕಣ್ಣಾಗ ಪೊರಿ ಐತ್ರಿ," ಎಂದರು. "ಎಡಕ್ಕ ಜಾಸ್ತಿ. ಬೆಳ್ಳಗಾಗಿಲ್ಲ ಇನ್ನ, ಹಳದಿ ತಿರಗೈತಿ. ಮೆಲ್ಲಕ ಬರತೈತಿ ಇದು, ಬಂದದ್ದ ಗೊತ್ತಾಗಂಗಿಲ್ಲ. ಎತ್ತಿಗೆ ಹಿಂಗಿದ್ರ ಗಾಡಿಗೆ ಹೂಡಬ್ಯಾಡ್ರಿ ಅಂತಿದ್ದೆ."

"ಸ್ಕೂಟರ್?"

"ಅದನ್ನೂ."

ಗೋಡೆಯ ಗಡಿಯಾರದಲ್ಲಿ ಎರಡೂವರೆ. ಒಂದು ದಾರಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಹೊತ್ತಿಗೆ ಸ್ಪಷ್ಟವಾಗಿ ಕಂಡದ್ದು ಅದೊಂದೇ. ಕಣ್ಣಲ್ಲಿ ಪೊರೆ ಇದೆ, ಒಪ್ಪಿದೆ. ಆದರೂ ಲೆನ್ಸಿನಲ್ಲಿ ಬೂಸರೂ ಇದೆ ಎನ್ನಬಹುದಿತ್ತು. ಡಾಕ್ಟರರು ಮರ್ಯಾದಸ್ಥರು, ಎದುರು ಮಾತಾಡುತ್ತಿರಲಿಲ್ಲ. ಯಂತ್ರ ಲಾರಿ ಹತ್ತುತ್ತಿತ್ತು. ಬೆಳಗಾವಿಯಲ್ಲಿ ನನ್ನ ಹೆಸರು ಇದ್ದ ಹಾಗೇ ಇರುತ್ತಿತ್ತು, ಮೇಜರರದು ಮಾತ್ರ ಖಾನಾಪುರದಲ್ಲಿ ಕೆಡುತ್ತಿತ್ತು. ಅವ್ವ ಮತ್ತೆ ಸಣ್ಣ ಟಿವಿಯ ಮುಂದೆ ಕೂತು, ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆಂದು ಸೊಸೆಯನ್ನು ಕೇಳುತ್ತಿದ್ದರು.

"ಫೋನ್ ಇಲ್ಲೆ ಕೊಡ್ರಿ," ಎಂದೆ. "ನಾನ ಮಾತಾಡ್ತೀನಿ."

ಮೇಜರ್ ಸಾಹೇಬರು ಸಾಮಾನಿನ ಗದ್ದಲದಲ್ಲಿದ್ದರು. ಯಂತ್ರ ಹೇಗಿದೆ ಎಂದು ಕೇಳಿದರು. ನಾನು ನಿಂತುಕೊಂಡು, ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ: ಯಂತ್ರದಲ್ಲಿ ದೋಷವಿಲ್ಲ, ಪರೀಕ್ಷೆ ಮಾಡುವವನಲ್ಲಿತ್ತು, ಡಾಕ್ಟರರು ಇಟ್ಟುಕೊಳ್ಳುತ್ತಾರೆ. ಅವರಿಗೆ ಅರ್ಧ ಅರ್ಥವಾಯಿತೆಂದು ಕಾಣುತ್ತದೆ. ಸಂತೋಷ ಎಂದು ಫೋನು ಇಟ್ಟರು. ಅವರ ಮೇಲೆ ನಡೆದ ಖಟ್ಲೆಯಾಗಲಿ, ಅದರ ಖುಲಾಸೆಯಾಗಲಿ ಅವರಿಗೆ ತಿಳಿಯಲೇ ಇಲ್ಲ.

ಆಮೇಲೆ ನನ್ನ ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಕಣ್ಣಿನಿಂದ ಬಣ್ಣ ಕೂಡಿಸಿದೆ. ರಿಮೋಟು ನನ್ನ ಕೈಯಲ್ಲಿ, ಹುಕುಂ ಅವ್ವನದು. ಅವರು ಎಡಗಣ್ಣು ಮುಚ್ಚಿಕೊಂಡು ಕೂತರು. ನಾನು ಬೇಕೆಂದೇ ಗೋಡೆಗೆ ಬೆನ್ನು ಹಾಕಿ ಕೂತೆ. ನೋಡಿದರೆ ಕೈ ತಾನಾಗಿ ಮೇಲಕ್ಕೆ ಹೋಗುತ್ತಿತ್ತು.

"ಬಿಳಿ ಬರೂತನಕ ಹೇಳ್ರಿ ಅವ್ವಾರ," ಎಂದೆ.

"ಯಾವ ಬಿಳಿ?" ಎಂದರು ಅವರು. "ಬಿಳಿ ಅಂದ್ರ ಒಂದ ಐತೇನು? ಸುಣ್ಣದ ಬಿಳಿ ಬ್ಯಾರೆ, ಹುಟ್ಟಿದ ಮರಿ ಬಿಳಿ ಬ್ಯಾರೆ, ತೊಳದ ಉಣ್ಣಿ ಬಿಳಿ ಬ್ಯಾರೆ. ಹತ್ತ ವರ್ಷದಾಕಿ ಇದ್ದಾಗಿಂದ ಉಣ್ಣಿ ಆರಿಸೇನಿ ನಾನು."

ಇಷ್ಟು ವರ್ಷ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ತೊಳದ ಉಣ್ಣಿ," ಎಂದೆ, ಧೈರ್ಯ ಮಾಡಿ.

ಒಂದೊಂದೇ ಮೆಟ್ಟಿಲು ಇಳಿಸಿದೆ. "ಇನ್ನ ನೀಲಿ ಐತಿ... ಇನ್ನ ಐತಿ... ಇದು ಸುಣ್ಣಾತು. ಇಳಸು... ಹಾಂ. ಇನ್ನೊಂದ ಇಳಸಿ ನೋಡು. ಇಲ್ಲ, ಇದು ಹೊಲಸಾತು, ಏರಸು. ಬಿಡು ಅಲ್ಲೇ."

ಸೊಸೆ ಮುಂದೆ ಬಂದು ನೋಡಿ, "ಈಗ ಮನಷ್ಯಾರಂಗ ಕಾಣ್ತಾರ," ಎಂದು ಅನುಮೋದಿಸಿದರು. ಚುರುಕು ಪೂರ್ತಿ ಇಳಿಯಿತು. ಕಪ್ಪಿನ ವಿಷಯಕ್ಕೆ ಅವ್ವ ಇನ್ನೂ ಕಟ್ಟುನಿಟ್ಟು. ವಕೀಲರ ಕೋಟಿಗೂ ಅವರ ಹಿಂದಿನ ಕಪಾಟಿಗೂ ನಡುವೆ ಎರಡು ಕರಿ ಬಣ್ಣ ಬೇರೆಬೇರೆ ಕಾಣುವವರೆಗೆ ಬಿಡಲಿಲ್ಲ. ಕೊನೆಗೆ ಡಾಕ್ಟರರು ಎಲ್ಲವನ್ನೂ ತಮ್ಮ ಚೀಟಿಯ ಹಿಂದೆ ಬರೆದು ಗೋಡೆಗೆ ಅಂಟಿಸಿದರು: ಆಕಾರ ಹದಿನಾರು-ಒಂಬತ್ತು, ತಂತಿ ಮೂರೆಳೆ, ಗೆರೆ ಎರಡು ಕಂತು, ಕಪ್ಪು ತಿಳಿ, ಚುರುಕು ಸೊನ್ನೆ, ಬಿಳಿ ಕೆಳಗಿನಿಂದ ಎರಡನೆಯ ಮೆಟ್ಟಿಲು. ಕೆಳಗೆ ಸಹಿಯ ಜಾಗದಲ್ಲಿ, ಅವ್ವನ ಬಲಗಣ್ಣು.

ಇನ್ನೊಂದು ಚೀಟಿ ನನಗೆ ಕೊಟ್ಟರು, ಬೆಳಗಾವಿಯ ಕಣ್ಣಿನ ಡಾಕ್ಟರರಿಗೆ. ಇಲಾಖೆಯ ಅಚ್ಚಾದ ಚೀಟಿ. ಪ್ರಾಣಿಯ ಜಾತಿ, ವಯಸ್ಸು, ಮಾಲೀಕರ ಹೆಸರು ಎಂದು ಸಾಲುಗಳಿದ್ದವು. ಜಾತಿಯ ಮುಂದೆ ಮನುಷ್ಯ ಎಂದು ಬರೆದಿದ್ದರು. ಮಾಲೀಕರ ಜಾಗ ಖಾಲಿ ಬಿಟ್ಟಿದ್ದರು. ಸ್ಕೂಟರನ್ನು ಅವರ ಅಂಗಳದಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಬೆಳಗಾವಿ ಬಸ್ಸು ಯಾವುದೆಂದು ಒಬ್ಬರನ್ನು ಕೇಳಿ ಹತ್ತಿದೆ. ಆರು ತಿಂಗಳಿಂದ ಕೇಳಿಯೇ ಹತ್ತುತ್ತಿದ್ದೆ. ಅದು ಗೊತ್ತಾದದ್ದು ಅಂದು.

ಮನೆಯಲ್ಲಿ ಹೆಂಡತಿ ಚೀಟಿಯನ್ನು ಎರಡು ಸಲ ಓದಿದಳು. ಏನೂ ಅನ್ನಲಿಲ್ಲ. ಪೆನ್ನು ತಂದು ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದಳು.

ಪೊರೆ ತೆಗೆಸಿದ್ದು ಎಡಗಣ್ಣಿನದು ಮೊದಲು, ಎರಡು ತಿಂಗಳಿಗೆ ಬಲಗಣ್ಣಿನದು. ಪಟ್ಟಿ ಬಿಚ್ಚಿದ ಮೇಲೆ ಮನೆಯ ಟಿವಿಯನ್ನು ನೋಡಿದೆ. ಒಳಗಿದ್ದವರೆಲ್ಲ ನಿಜಕ್ಕೂ ನಡುಗುವಂತಿದ್ದರು. ಅಂದೇ ಅದನ್ನು ಸರಿ ಮಾಡಿ, ನೆನಪಿದ್ದಷ್ಟು ಮನೆಗಳ ಪಟ್ಟಿ ಬರೆದುಕೊಂಡು ಪ್ರಾಯಶ್ಚಿತ್ತಕ್ಕೆ ಹೊರಟೆ. ಹಿಂದವಾಡಿಯಲ್ಲಿ ಇಬ್ಬರು ತಿದ್ದಲು ಬಿಟ್ಟರು. ಖಾಸಬಾಗದಲ್ಲಿ ಒಬ್ಬರು ಟಿವಿಗೂ ನನಗೂ ನಡುವೆ ಬಂದು ನಿಂತರು. "ಮುಟ್ಟಬ್ಯಾಡ್ರಿ ದಯಮಾಡಿ. ಹೋದ ವರ್ಷ ನೀವ ಕಣ್ಣ ಹಾಯಿಸಿದ್ದು. ಬಾಜೂ ಮನಿಯವರು ನೋಡಿ ಹೊಟ್ಟಿ ಉರಕೋತಾರ." ಅದು ತಪ್ಪಿತ್ತು, ಆಗ ನನಗೆ ಕಾಣುತ್ತಿರಲಿಲ್ಲ ಎಂದು ಎಷ್ಟು ಹೇಳಿದರೂ ಅವರು ಅದನ್ನು ನನ್ನ ವಿನಯವೆಂದು ತಿಳಿದು ಚಹಾ ಕೊಟ್ಟು ಕಳಿಸಿದರು. ಅವರ ಮನೆಯಲ್ಲಿ ಆ ನೀಲಿ ಎಷ್ಟು ಕಾಲ ಉಳಿಯಿತೋ ನನಗೆ ಗೊತ್ತಿಲ್ಲ.

ಸ್ಕೂಟರು ತರಲು ಖಾನಾಪುರಕ್ಕೆ ಹೋದದ್ದು ಅದಾದ ವಾರಕ್ಕೆ. ಅವ್ವನ ಎಡಗಣ್ಣಿನ ಪೊರೆಯೂ ಆ ಹೊತ್ತಿಗೆ ಹೋಗಿತ್ತು. ಕಂಬಳಿಗಳು ಕಿಟಕಿಯಲ್ಲೇ ಕಾಯಂ ಆಗಿದ್ದವು, ಕೆಳಗೆ ಹಗ್ಗ ಕಟ್ಟಿ ಪರದೆಯಂತೆ ಮಾಡಿಕೊಂಡಿದ್ದರು. ಗೋಡೆಯ ಮೇಲೆ ಚಿತ್ರ ಓಡುತ್ತಿತ್ತು. ಅಭ್ಯಾಸದಂತೆ ಬಾಗಿಲಲ್ಲೇ ಕೈ ಕಟ್ಟಿ ನಿಂತು ನೋಡಿದೆ. ವಕೀಲರ ಕೋಟಿಗೆ ಗುಂಡಿಗಳಿದ್ದವು. ಆ ಶನಿವಾರ ಅಷ್ಟು ಹೊತ್ತು ಅವರೊಂದಿಗೆ ಗುದ್ದಾಡಿದರೂ ನಾನು ಅವನ್ನು ನೋಡಿರಲಿಲ್ಲ. ಚಿತ್ರದಲ್ಲಿನ ಕಿಟಕಿಯ ಬಿಳಿ ಪರದೆ ತೊಳೆದ ಉಣ್ಣೆಯ ಹಾಗೆಯೇ ಇತ್ತು. ಗೋಡೆಯ ಚೀಟಿ ಕದಲಿರಲಿಲ್ಲ.

ಅವ್ವ ತಲೆ ತಿರುಗಿಸದೆ ರಿಮೋಟನ್ನು ನನ್ನ ಕಡೆ ಚಾಚಿದರು. "ಏನರ ಹೆಚ್ಚಕಡಿಮಿ ಐತೇನು, ನೋಡು."

ನಾನು ಅದನ್ನು ತೆಗೆದುಕೊಳ್ಳಲಿಲ್ಲ. "ಏನೂ ಇಲ್ರಿ ಅವ್ವಾರ."

"ಮತ್ತ ಅಲ್ಲೇನ ನಿಂತಿ, ಕೈ ಕಟಗೊಂಡು?"

ಅವರು ಸರಿದು ಕಂಬಳಿಯ ಮೇಲೆ ಜಾಗ ಮಾಡಿದರು. ನಾನು ಕೈ ಬಿಚ್ಚಿ, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ ಕೂತೆ. ಸಿನೆಮಾ ಅರ್ಧ ಮುಗಿದಿತ್ತು. ಯಾರು ಯಾರೆಂದು ಅವ್ವ ಹೇಳುತ್ತ ಹೋದರು.